ಮಳೆಗಾಲದಲ್ಲಿ ಬಣ್ಣದ ಕಾಗದಗಳ ರಕ್ಷಣೆ

ಕಳೆದ ಆಟಿ ತಿಂಗಳ ಒಂದು ಇರುಳು ನಮ್ಮ ಮನೆಯ ಮಾಡಿನ ಹಂಚೊಂದು ಸರಿದು ಚಾವಡಿಯ ಗೋಡೆಯ ಮೇಲೆ ನೀರಿಳಿಯಿತು. ಬೆಳಗಾಗಿ ನೋಡಿದರೆ, ಮಕ್ಕಳಿಗಾಗಿ ಮನೆಯಲ್ಲಿಯೇ ಸಿದ್ಧಪಡಿಸಿದ್ದ ಅಕ್ಷರಮಾಲೆಯ ಅರಸನೂ ಆನೆಯೂ ಒಂದೇ ನೀಲಿಯಲ್ಲಿ ಕಲಸಿಹೋಗಿದ್ದವು. ಚಿತ್ರಗಳು ಜಲವರ್ಣದವು, ಅಕ್ಷರಗಳು ಇಂಕ್‌ಜೆಟ್ ಮುದ್ರಣದವು. ಬೇರೆ ಮಾಧ್ಯಮದ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಆ ಗೋಡೆಯೇ ಕನ್ನಡದ ಮೊದಲ ಪಾಠಶಾಲೆಯಾಗಿತ್ತು. ಪೇಟೆಯಲ್ಲಿ ಕೊಂಡು ತರಬಹುದಾದ ವಸ್ತುವಾಗಿದ್ದರೆ ನಾವು ಇಷ್ಟು ಮರುಗುತ್ತಿರಲಿಲ್ಲ.

ಬಣ್ಣ ಕರಗುವುದೇಕೆ? ಜಲವರ್ಣದ ಪುಡಿಯನ್ನು ಕಾಗದಕ್ಕೆ ಹಿಡಿದಿಡುವುದು ಜಾಲಿಯ ಜಾತಿಯ ಮರದ ಗೋಂದು. ಅದು ಒಣಗಿ ವರ್ಷಗಳಾದರೂ ನೀರು ಸೋಕಿದೊಡನೆ ಮತ್ತೆ ಕರಗುತ್ತದೆ. ಇಂಕ್‌ಜೆಟ್ ಶಾಯಿಯಲ್ಲಿ ಎರಡು ಬಗೆ. ಬಣ್ಣವೇ ದ್ರವದಲ್ಲಿ ಕರಗಿರುವ ಶಾಯಿಯು ಹನಿ ಬಿದ್ದಲ್ಲಿ ಹರಡುತ್ತದೆ. ಕರಗದ ಸೂಕ್ಷ್ಮ ಕಣಗಳುಳ್ಳ ಶಾಯಿಯು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಲೇಸರ್ ಮುದ್ರಣದಲ್ಲಾದರೋ ಪ್ಲಾಸ್ಟಿಕ್ ಬೆರೆತ ಪುಡಿಯನ್ನು ಶಾಖದಿಂದ ಕಾಗದಕ್ಕೆ ಬೆಸೆಯುವುದರಿಂದ ಅಕ್ಷರಗಳು ಹರಡುವುದಿಲ್ಲ. ಆದುದರಿಂದ ಮುದ್ರಿಸುವ ಮೊದಲೇ ಅಂಗಡಿಯವರನ್ನು ವಿಚಾರಿಸುವುದು ಲೇಸು.

ಇಂಥ ಕಾಗದಕ್ಕೆ ಕುಂಚದಿಂದ ವಾರ್ನಿಷ್ ಬಳಿಯಬಾರದು. ಕುಂಚದೊಡನೆ ಬಣ್ಣವೂ ಎಳೆದುಕೊಂಡು ಬರುತ್ತದೆ. ಡಬ್ಬಿಯಿಂದ ಸಿಂಪಡಿಸುವ ಅಕ್ರಿಲಿಕ್ ವಾರ್ನಿಷ್ ಉತ್ತಮ. ಚಿತ್ರ ಒಂದು ದಿನವಾದರೂ ಚೆನ್ನಾಗಿ ಒಣಗಲಿ. ಬಳಿಕ ಸುಮಾರು ಒಂದಡಿ ದೂರದಿಂದ ತೆಳುವಾಗಿ ಸಿಂಪಡಿಸಿ, ಒಣಗಿದ ಮೇಲೆ ಮತ್ತೆರಡು ಸಲ ಹಾಗೆಯೇ ಮಾಡಬೇಕು. ಒಮ್ಮೆಲೇ ದಪ್ಪವಾಗಿ ಸುರಿದರೆ ಬಣ್ಣ ನೆನೆದು ಕೆಡುತ್ತದೆ. ಮೊದಲು ಬೇಡದ ಚೂರೊಂದರ ಮೇಲೆ ಪರೀಕ್ಷಿಸಿರಿ. ಗಾಳಿಯಾಡುವ ಅಂಗಳದಲ್ಲಿ, ಒಲೆ ದೀಪಗಳಿಂದ ದೂರದಲ್ಲಿ ಈ ಕೆಲಸ ನಡೆಯಲಿ. ತೇವದ ಹವೆಯಲ್ಲಿ ವಾರ್ನಿಷಿನ ಮೇಲೆ ಬಿಳಿಯ ಮಬ್ಬು ಕವಿಯುವುದುಂಟು. ಆದುದರಿಂದ ಮಳೆ ಹಿಡಿಯುವ ಮುನ್ನ, ಪಗ್ಗು ತಿಂಗಳ ಬಿಸಿಲ ದಿನಗಳಲ್ಲಿಯೇ ಮುಗಿಸಬೇಕು.

ಇಷ್ಟಾದರೂ ವಾರ್ನಿಷ್ ಹನಿಯನ್ನು ತಡೆದೀತು, ಸೋರುವ ಮಾಡನ್ನು ತಡೆಯದು. ಚಿತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸುವವರು ಗಾಜಿಗೂ ಕಾಗದಕ್ಕೂ ನಡುವೆ ರಟ್ಟಿನ ಅಂಚಿರಿಸಿ ಎಡೆ ಬಿಡಿಸಬೇಕು. ಇಲ್ಲವಾದರೆ ತೇವಕ್ಕೆ ಚಿತ್ರವು ಗಾಜಿಗೆ ಅಂಟಿಬಿಡುತ್ತದೆ. ಲ್ಯಾಮಿನೇಶನ್ ನಕಲು ಪ್ರತಿಗಳಿಗೆ ಸಾಕು. ಅಂಚಿನಲ್ಲಿ ಕಾಗದಕ್ಕಿಂತ ಹಾಳೆ ಹೊರಚಾಚಿರಲಿ. ಮೂಲಪ್ರತಿಗೆ ಅದು ಬೇಡ, ಒಮ್ಮೆ ಅಂಟಿಸಿದ್ದನ್ನು ಬಿಡಿಸಲಾಗದು.

ಅಕಸ್ಮಾತ್ ನೆನೆದರೆ ಉಜ್ಜಬೇಡಿರಿ. ಅಡಿಯಲ್ಲಿ ರಟ್ಟೊಂದನ್ನು ತೂರಿಸಿ ಮೆಲ್ಲನೆ ಎತ್ತಿ, ನೆರಳಿನಲ್ಲಿ, ಗಾಳಿಗೆ, ಚಿತ್ರ ಮೇಲ್ಮುಖವಾಗಿರುವಂತೆ ಹರಡಿರಿ. ಎರಡು ದಿನ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಗಾಜಿಗೆ ಅಂಟಿದ ಚಿತ್ರವನ್ನು ಎಳೆಯದೆ, ಹಾಗೆಯೇ ಛಾಯಾಚಿತ್ರ ತೆಗೆದಿಟ್ಟುಕೊಳ್ಳಿರಿ.

ಈ ವರ್ಷ ನಮ್ಮ ಮಕ್ಕಳೇ ಕುಳಿತು ಹೊಸ ಅಕ್ಷರಮಾಲೆ ಬರೆದಿದ್ದಾರೆ. ಆನೆ ತುಸು ಹಂದಿಯಂತೆ ಕಾಣುತ್ತದೆಯೆಂದು ಅಜ್ಜಿಯ ಆಕ್ಷೇಪಣೆಯಿದೆ. ಮೂಲಪ್ರತಿ ತಗಡಿನ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಗೋಡೆಯಲ್ಲಿರುವುದು ಲೇಸರ್ ನಕಲು. ಮಾಡಿನ ಹಂಚನ್ನೂ ಸರಿಪಡಿಸಿದ್ದೇವೆ. ಮೊದಲು ಮಾಡಬೇಕಾಗಿದ್ದುದು ಅದೇ.