ಹುಳಕ್ಕೆ ಹಾಕಿದ ಗುಳಿಗೆ, ಹುಳ ಬಿಟ್ಟು ನಮಗೇ ಹತ್ತಿತು



ಗೋವಿನಜೋಳಕ್ಕೆ ಲದ್ದಿ ಹುಳು ಬಿದ್ದರೆ ಏನು ಹೊಡೀಬೇಕು, ಮೆಣಸಿನ ಗಿಡ ಮುಟರಿದರೆ ಏನು ಮಾಡಬೇಕು ಅಂತ ವಾರವಾರ ಓದತೀವಿ, ಫೋನ್ ಮಾಡಿ ಕೇಳತೀವಿ. ಅದೇ ಬೆಳೆ ಮನೆಗೆ ಬಂದು ಪಡಸಾಲೆಯಲ್ಲಿ ಕೂತ ಮೇಲೆ ಬೀಳುವ ಹುಳದ ಬಗ್ಗೆ ಮಾತ್ರ ಯಾರನ್ನೂ ಕೇಳುವುದಿಲ್ಲ. ಸೀದಾ ಅಂಗಡಿಗೆ ಹೋಗಿ "ಕಾಳಿಗೆ ಹಾಕೋ ಗುಳಿಗಿ ಕೊಡ್ರಿ" ಅಂತೀವಿ. ನಾನೂ ಹಾಗೇ ಮಾಡಿದವನು. ಆ ಗುಳಿಗೆ ಜನ ಮಲಗುವ ಮನೆಯೊಳಗೆ ಬರಲೇಬಾರದು ಅನ್ನೋದು ಈಗ ನನ್ನ ಖಚಿತ ಅಭಿಪ್ರಾಯ. ಯಾಕೆ ಅಂತ ಹೇಳತೀನಿ, ಕೇಳ್ರಿ.

ನಮ್ಮದು ರಾಣೇಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ. ಕೆಲವು ವರ್ಷದ ಹಿಂದೆ ದೀಪಾವಳಿ ಆಜೂಬಾಜು ಗೋವಿನಜೋಳದ ರಾಶಿ ಆಯಿತು. ರೇಟು ಬಿದ್ದಿತ್ತು. ಸಾಲ ಇದ್ದಷ್ಟಕ್ಕೆ ಮಾರಿ, ಉಳಿದ 18 ಚೀಲ ಪಡಸಾಲೆಯಲ್ಲಿ ಒಟ್ಟಿದೆ, ಏರಿದ ಮೇಲೆ ಕೊಟ್ಟರಾಯಿತು ಅಂತ. ಸಂಕ್ರಾಂತಿ ಹೊತ್ತಿಗೆ ಚೀಲದ ಬುಡದಲ್ಲಿ ಹಿಟ್ಟು ಉದುರತೊಡಗಿತು, ಸೊಂಡಿಲಿನ ಹುಳ ಗೋಡೆ ಹತ್ತಿದವು. ಪೇಟೆಯ ಒಂದು ಅಂಗಡಿಯಲ್ಲಿ ಗುಳಿಗೆ ಬಿಡಿಯಾಗಿ ಎಣಿಸಿ, ಪೇಪರಿನಲ್ಲಿ ಕಟ್ಟಿ ಕೊಟ್ಟರು. "ಚೀಲಕ್ಕೊಂದು ಹಾಕ್ರಿ, ಮ್ಯಾಲೆ ತಾಡಪಾಲ ಮುಚ್ಚರಿ" ಅಂದರು. ಅಷ್ಟೇ ಉಪದೇಶ. ನಾನೂ ಹೆಚ್ಚಿಗೆ ಕೇಳಲಿಲ್ಲ.

ಸಂಜೆ ಹಾಕಿದೆ. ರಾತ್ರಿ ಒಂದು ಗಂಟೆ ಸುಮಾರಿಗೆ ನಮ್ಮ ಮನೆಯಾಕೆ ತಲೆ ಸಿಡೀತದ ಅಂತ ಎದ್ದು ಕೂತಳು. ಹಿಂದೆಯೇ ಮೊಮ್ಮಗ ವಾಂತಿ ಮಾಡಿಕೊಂಡ. ಊಟದಾಗ ಏನೋ ಹೆಚ್ಚುಕಡಿಮೆ ಆಗೇತಿ ಅಂದುಕೊಂಡು ನಾನು ಜೀರಿಗೆ ನೀರು ಕಾಸಲು ಹೊರಟಿದ್ದೆ. ನಮ್ಮವ್ವನಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು, ಆದರೆ ಮೂಗು ಚುರುಕು. "ಎಲ್ಲೋ ಬಳ್ಳೊಳ್ಳಿ ಕೊಳೆತಂಗ ವಾಸನಿ ಬರಾಕತ್ತೈತಿ, ಮೊದಲ ಬಾಗಲಾ ತಗೀ" ಅಂದಳು. ಎಲ್ಲರೂ ಅಂಗಳಕ್ಕೆ ಬಂದೆವು. ಹುಡುಗನ ಕೈಕಾಲು ತಣ್ಣಗಾಗಿದ್ದವು. ಹಾವೇರಿಯ ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳಿದ ಮೊದಲನೇ ಪ್ರಶ್ನೆ, "ಮನ್ಯಾಗ ಕಾಳಿಗೆ ಏನರ ಹಾಕೀರೇನ್ರಿ?" ಆ ಪ್ರಶ್ನೆ ಕೇಳಿ ಕೇಳಿ ಅವರಿಗೆ ರೂಢಿಯಾಗಿತ್ತು ಅಂತ ಕಾಣುತ್ತದೆ.

ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಹುಡುಗ ಮನೆಗೆ ಬಂದ. ನಮ್ಮ ಪುಣ್ಯ. ತಿಂಗಳ ಮೇಲೆ ಆ ಚೀಲ ಬಿಚ್ಚಿದರೆ ಒಳಗೆ ಹುಳ ಹಾಗೇ ಹರಿದಾಡುತ್ತಿದ್ದವು! ಅವ್ವ ನೋಡಿ ಅಂದ ಮಾತೇ ಮೇಲಿನ ತಲೆಬರಹ.

ಆಮೇಲೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೂತು ತಿಳಿದುಕೊಂಡೆ. ಗುಳಿಗೆಯ ಹೆಸರು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ಪಸೆ ತಗುಲಿದ ಕೂಡಲೇ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. 3 ಗ್ರಾಂ ತೂಕದ ಒಂದು ಗುಳಿಗೆಯಿಂದ 1 ಗ್ರಾಂ ಅನಿಲ. ಹುಳ ಸಾಯಬೇಕಾದರೆ ಆ ಅನಿಲ ಕಾಳಿನ ಸುತ್ತ ಹಲವು ದಿನ ಹೊರಗೆ ಹೋಗದಂತೆ ನಿಲ್ಲಬೇಕು. ಗೋಡೌನಿನವರು ದಪ್ಪ ಹಾಳೆ ಹೊದಿಸಿ, ಅಂಚಿಗೆ ಮರಳಿನ ಚೀಲ ಒತ್ತಿ, ಬಾಗಿಲಿಗೆ ಬೀಗ ಜಡಿದು ಅದನ್ನು ನಿಲ್ಲಿಸುತ್ತಾರೆ. ನಮ್ಮ ಪಡಸಾಲೆಯ ಹರಕು ತಾಡಪಾಲು ಏನು ನಿಲ್ಲಿಸೀತು? ಹುಳಕ್ಕೆ ಸಾಲುವಷ್ಟು ಒಳಗೆ ಉಳಿಯಲಿಲ್ಲ, ಮನುಷ್ಯರಿಗೆ ಸಾಲುವಷ್ಟು ಹೊರಗೆ ಬಂತು. ಅನಿಲ ಗೋಡೆಯ ಬಿರುಕಿನಲ್ಲೂ ತೂರುತ್ತದೆ, ಪಕ್ಕದ ಮನೆಗೂ ಹೋಗುತ್ತದೆ. ವಾಸನೆ ಬಂದರೆ ತಿಳಿಯುತ್ತದೆ ಅನ್ನೋ ಭರವಸೆಯೂ ಬೇಡ, ಕೆಲವೊಮ್ಮೆ ವಾಸನೆಯೇ ಇರುವುದಿಲ್ಲ. ಇದಕ್ಕೆ ಪ್ರತಿಮದ್ದು ಇಲ್ಲ. ಅರೆಬರೆ ಹೊಗೆಗೆ ಸಾಯದೆ ಉಳಿದ ಹುಳದ ಸಂತಾನ ಮುಂದೆ ಆ ಔಷಧಕ್ಕೇ ಬಗ್ಗದಂತಾಗುತ್ತದೆ, ಅದು ಬೇರೆ.

ಕಾನೂನು ಇಲ್ಲ ಅಂತಲ್ಲ. ಕೇಂದ್ರ ಸರ್ಕಾರದ ನಿರ್ಬಂಧಿತ ಕೀಟನಾಶಕಗಳ ಪಟ್ಟಿಯಲ್ಲಿ ಈ ಗುಳಿಗೆ ಇದೆ. 3 ಗ್ರಾಂ ಗುಳಿಗೆಯನ್ನು ಸರ್ಕಾರಿ ಸಂಸ್ಥೆಗಳು, ಇಲ್ಲವೆ ಪರಿಣತರ ಉಸ್ತುವಾರಿಯಲ್ಲಿ ಕೀಟ ನಿಯಂತ್ರಣದವರು ಮಾತ್ರ ಬಳಸಬೇಕು. 10 ಮತ್ತು 20 ಗುಳಿಗೆಗಳ ಸಣ್ಣ ಕೊಳವೆ ಪ್ಯಾಕುಗಳೇ ನಿಷೇಧ. ಹಾಗಿದ್ದ ಮೇಲೆ ಪೇಪರಿನಲ್ಲಿ ಕಟ್ಟಿ ಕೊಡುವುದು ಹೇಗೆ ನಡೆಯುತ್ತದೆ? ಕೇಳುವವರು ನಾವು ಇದ್ದೀವಿ ಅಂತ ನಡೆಯುತ್ತದೆ. ಅಂಗಡಿಯವರನ್ನಷ್ಟೇ ಬೈದರೆ ಪ್ರಯೋಜನವಿಲ್ಲ.

ಈಗ ಹುಳದ ಕಡೆ ಬರೋಣ. ಸೊಂಡಿಲಿನ ಹುಳ ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆ ಇಟ್ಟು ಮೇಲೆ ಬಿರಡೆ ಹಾಕುತ್ತದೆ. ಮರಿ ಒಳಗೇ ತಿಂದು ಬೆಳೆದು ಸುಮಾರು ಒಂದು ತಿಂಗಳಿಗೆ ಹೊರಗೆ ಬರುತ್ತದೆ. ಅಂದರೆ ಗೋಡೆ ಮೇಲೆ ಹುಳ ಕಂಡ ದಿನ ಅದು ಶುರುವಾದ ದಿನ ಅಲ್ಲ, ತಿಂಗಳ ಹಿಂದೆಯೇ ಆಗಿದೆ. ಅದಕ್ಕೇ ಹದಿನೈದು ದಿನಕ್ಕೊಮ್ಮೆ ಚೀಲದ ನಡುವಿಗೆ ಮೊಣಕೈ ತನಕ ಕೈ ಹಾಕಿ ನೋಡ್ರಿ. ಬಿಸಿ ತಗುಲಿದರೆ ಒಳಗೆ ಸಂಸಾರ ನಡೆದಿದೆ ಅಂತ ಲೆಕ್ಕ. ಒಂದು ಹಿಡಿ ಕಾಳು ನೀರಿಗೆ ಹಾಕಿದರೆ ಟೊಳ್ಳಾದವು ತೇಲುತ್ತವೆ. ಕಾಳಿನ ಮೇಲೆ ಗುಂಡಗೆ ತೆಳು ಕಿಟಕಿ ಇದ್ದಂತೆ ಕಂಡರೆ, ಸಂಜೆ ದೀಪಕ್ಕೆ ಬೂದುಬಣ್ಣದ ಸಣ್ಣ ಪತಂಗ ಬಂದರೆ ಅದು ಬೇರೆ ಹುಳ, ಮೇಲಿನ ಪದರದ ಕಾಳನ್ನು ತಿನ್ನುವಂಥದ್ದು. ತೊಗರಿ, ಹೆಸರು, ಅಲಸಂದಿಯಲ್ಲಿ ಕಾಳಿನ ಸಿಪ್ಪೆ ಮೇಲೆ ಬಿಳೀ ಚುಕ್ಕೆ ಅಂಟಿದ್ದರೆ ಅವು ಮೊಟ್ಟೆ. ಈ ಹುಳ ಎಷ್ಟೋ ಸಲ ಹೊಲದಲ್ಲೇ ಕಾಯಿಯ ಮೇಲೆ ಬಂದಿರುತ್ತದೆ. ಇಡೀ ಕಾಳಿಗೇ ಅದರ ಹಾವಳಿ, ಒಡೆದ ಬೇಳೆಗೆ ತೀರಾ ಕಡಿಮೆ. ನಮ್ಮ ಹೆಣ್ಣುಮಕ್ಕಳು ಬೇಳೆ ಮಾಡಿಸಿ, ಕಾಳಿಗೆ ಎಣ್ಣೆ ಕೈಯಾಡಿಸಿ ಇಡುತ್ತಿದ್ದುದು ಸುಮ್ಮನೆ ಅಲ್ಲ. ಕೆಜಿಗೆ ಒಂದು ಚಮಚ ಅಡುಗೆ ಎಣ್ಣೆ ಸಾಕು, ಮೊಟ್ಟೆಗೆ ಉಸಿರು ಕಟ್ಟುತ್ತದೆ.

ಇದೆಲ್ಲದರ ಬೇರು ಒಂದೇ: ಹಸಿ. ಗೋವಿನಜೋಳದಲ್ಲಿ ತೇವ 12 ಪರ್ಸೆಂಟಿಗೆ ಇಳಿಯದೆ ಚೀಲ ತುಂಬಬಾರದು. ಮಾಪಕ ಎಲ್ಲಿದೆ ನಮ್ಮ ಹತ್ತಿರ? ಒಂದು ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಎರಡು ಚಮಚ ಒಣಗಿಸಿದ ಪುಡಿ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಸ್ವಲ್ಪ ಹೊತ್ತು ಬಿಡ್ರಿ. ಉಪ್ಪು ಗಾಜಿಗೆ ಅಂಟಿಕೊಂಡರೆ 15 ಪರ್ಸೆಂಟಿಗಿಂತ ಹೆಚ್ಚು ಪಸೆ ಇದೆ, ಇನ್ನೂ ಬಿಸಿಲು ಬೇಕು. ಅಂಟದೆ ಉದುರಿದ ಮೇಲೂ ನಾನು ಎರಡು ದಿನ ಹೆಚ್ಚಿಗೆ ಒಣಗಿಸುತ್ತೇನೆ. ಮತ್ತೆ, ಹೋದ ವರ್ಷದ ಗೋಣಿ ಚೀಲಕ್ಕೆ ಈ ವರ್ಷದ ಕಾಳು ಹಾಕುವುದು ಅಂದರೆ ಹುಳಕ್ಕೆ ಬೀಗದ ಕೈ ಕೊಟ್ಟಂತೆ. ಚೀಲ ತಿರುವಿ ಬಿಸಿಲಿಗೆ ಹಾಕಬೇಕು, ಮೂಲೆಯಲ್ಲಿ ಉಳಿದ ಹಳೇ ಕಾಳು ಗುಡಿಸಿ ಕೋಳಿಗೆ ಹಾಕಬೇಕು. ಹೊಸ ಚೀಲ ಹಲಗೆ ಮೇಲೆ, ಗೋಡೆಯಿಂದ ಒಂದು ಮೊಳ ದೂರ.

ಬ್ಯಾಡಗಿಗೆ ನಮ್ಮ ತಂಗಿಯನ್ನು ಕೊಟ್ಟಿದ್ದೇವೆ. 2011ರಲ್ಲಿ ಭೌಗೋಳಿಕ ಸೂಚಿ ಸಿಕ್ಕ ಮೆಣಸಿನಕಾಯಿಯ ಊರು. ಮಾರುಕಟ್ಟೆಯ ಕಾಯಿ ಅಲ್ಲಿ ಮನೆಮನೆಗೂ ಬರುತ್ತದೆ, ಹೆಂಗಸರು ಕೂತು ತೊಟ್ಟು ಬಿಡಿಸುತ್ತಾರೆ. ಒಮ್ಮೆ ಹೋದಾಗ ಅವಳ ಮನೆಯ ಅರಿಸಿನ ಪುಡಿ, ಕೊತ್ತಂಬರಿ ಕಾಳು, ಮಕ್ಕಳ ಬಿಸ್ಕೀಟಿನ ಡಬ್ಬಿ ಎಲ್ಲದರಲ್ಲೂ ಒಂದೇ ಹುಳ. ಎಳ್ಳಿಗಿಂತ ಸಣ್ಣದು, ಕೆಂಗಂದು ಬಣ್ಣ, ತಲೆ ಕೆಳಗೆ ಬಗ್ಗಿಸಿಕೊಂಡು ಗುಂಡಗೆ ಕಾಣುವಂಥದ್ದು. ಹೊಗೆಸೊಪ್ಪಿಗೂ ಮೆಣಸಿನಕಾಯಿಗೂ ಬೀಳುವ ಜಾತಿ ಅದು. ಕಾಯಿಯ ಮೇಲೆ ಸೂಜಿ ಚುಚ್ಚಿದಂಥ ತೂತು ಇದ್ದು, ಕೊಡವಿದರೆ ಬೀಜದ ಪುಡಿ ಉದುರಿತು ಅಂದರೆ ಅದೇ. "ಅಣ್ಣಾ, ಡಬ್ಬಿ ತೊಳದು ತೊಳದು ಸಾಕಾತು, ಮತ್ತ ಬರ್ತಾವ" ಅಂದಳು. ಡಬ್ಬಿಯಲ್ಲಿ ತಪ್ಪಿರಲಿಲ್ಲ, ಅಡುಗೆಮನೆ ಬಾಗಿಲ ಪಕ್ಕದಲ್ಲೇ ವಾರಗಟ್ಟಲೆ ಕೂತ ಮೂರು ಚೀಲದ್ದು ತಪ್ಪು. ತೂಕಕ್ಕೆ ಅಂತಲೋ ಕಾಯಿ ಮುರಿಯಬಾರದು ಅಂತಲೋ ನೀರು ಚಿಮುಕಿಸಿದ ಕಾಯಾದರೆ ಹುಳದ ಜೊತೆ ಬೂಸ್ಟೂ ಬರುತ್ತದೆ. ಕೋಲ್ಡ್ ಸ್ಟೋರೇಜಿನ ತಂಪಿಗೆ ಈ ಹುಳ ಬೆಳೆಯುವುದಿಲ್ಲ, ಮನೆಯ ಸೆಕೆಗೆ ಭರ್ಜರಿಯಾಗಿ ಬೆಳೆಯುತ್ತದೆ. ಈಗ ಅವಳು ಚೀಲವನ್ನು ಹೊರಗಿನ ಕಟ್ಟೆ ಮೇಲೆ ಇಳಿಸಿಕೊಳ್ಳುತ್ತಾಳೆ, ಮನೆ ಖಾರಪುಡಿಯನ್ನು ಒಂದು ವಾರ ಫ್ರಿಜ್ಜಿನ ಬರ್ಫದ ಖಾನೆಯಲ್ಲಿಟ್ಟು ಆಮೇಲೆ ಡಬ್ಬಿಗೆ ತುಂಬುತ್ತಾಳೆ. ಒಂದು ಪೈಸೆಯ ಔಷಧ ಬೇಕಾಗಲಿಲ್ಲ.

ಗುಳಿಗೆ ಬೇಡ ಅಂದರೆ ಹತ್ತಿಪ್ಪತ್ತು ಚೀಲ ಕಾಯುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಊರಲ್ಲೇ ಇತ್ತು. ಅವ್ವನ ಕಾಲಕ್ಕೆ ಜೋಳ ಹಗೇವಿನಲ್ಲಿ ಇರುತ್ತಿತ್ತು. ಗಟ್ಟಿ ನೆಲದಲ್ಲಿ ಕುಣಿ ತೋಡಿ, ಸುತ್ತ ಜೋಳದ ಸೊಪ್ಪಿ ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯನ್ನು ಕಾಳೂ ಹುಳವೂ ಉಸಿರಾಡಿ ಮುಗಿಸಿದ ಮೇಲೆ ಹುಳ ತಾನಾಗಿ ಸಾಯುತ್ತಿತ್ತು. ಅದೇ ಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ ಅಂತ ಗೊತ್ತಿದ್ದರಿಂದ ಬಾಯಿ ತೆಗೆದು ಬಿಟ್ಟು, ಮೊದಲು ದೀಪ ಇಳಿಸಿ, ಅದು ಆರಿದರೆ ಯಾರನ್ನೂ ಇಳಿಸುತ್ತಿರಲಿಲ್ಲ. ಹಾಗೆ ನೋಡದೆ ಇಳಿದು ಹೋದವರ ಕಥೆ ನಮ್ಮ ಕಡೆ ಊರೂರಿಗೂ ಇವೆ. ಹಗೇವು ಮತ್ತೆ ತೋಡ್ರಿ ಅಂತ ನಾನು ಹೇಳುವುದಿಲ್ಲ.

ಅದೇ ಉಪಾಯ ಈಗ ಚೀಲವಾಗಿ ಬಂದಿದೆ. ಗಾಳಿಯಾಡದ ಚೀಲ ಅಂತಾರೆ. ಒಳಗೆ ದಪ್ಪ ಪ್ಲಾಸ್ಟಿಕ್ಕಿನ ಪದರ, ಹೊರಗೆ ಸಾಮಾನ್ಯ ಚೀಲ. ಚೆನ್ನಾಗಿ ಒಣಗಿದ ಕಾಳು ತುಂಬಿ, ಗಾಳಿ ಹಿಂಡಿ, ಒಂದೊಂದೇ ಪದರದ ಬಾಯಿ ತಿರುಚಿ ಬಿಗಿಯಾಗಿ ಕಟ್ಟಬೇಕು. ಕನಿಷ್ಠ ಒಂದೆರಡು ತಿಂಗಳು ಬಿಚ್ಚಬಾರದು. ಎರಡು ಮಾತು ನೆನಪಿರಲಿ. ಹಸಿ ಕಾಳು ಹಾಕಿದರೆ ಒಳಗೇ ಬೂಸು ಹಿಡಿದು ಹಾಳಾಗುತ್ತದೆ. ಇಲಿ ಒಂದು ತೂತು ಕೊರೆದರೂ ಕೆಲಸ ಕೆಟ್ಟಿತು.

ಇಲಿಗೂ ನಮ್ಮವರು ಹುಡುಕುವುದು ವಿಷವನ್ನೇ. ಹಳದಿ ರಂಜಕದ ಪೇಸ್ಟ್ ಬಗ್ಗೆ ಹೆಚ್ಚು ಎಚ್ಚರ ಬೇಕು. ಮಗು ನೆಕ್ಕಿದರೆ ಮೊದಲ ಒಂದೆರಡು ದಿನ ಆರಾಮ ಇದ್ದಂತೆಯೇ ಕಾಣುತ್ತದೆ, ಆಮೇಲೆ ಲಿವರ್ ಕೈಕೊಡುತ್ತದೆ. ಅದಕ್ಕೂ ಪ್ರತಿಮದ್ದು ಇಲ್ಲ. ಪೆನ್ಸಿಲ್ ತೂರುವ ಸಂದಿಯಲ್ಲಿ ಸಣ್ಣ ಇಲಿ ತೂರುತ್ತದೆ, ಆದ್ದರಿಂದ ಬಾಗಿಲ ಕೆಳಗೆ ತಗಡು, ಬಚ್ಚಲ ಮೋರಿಗೆ ಜಾಳಿಗೆ, ಗೋಡೆಯ ಬಿಲಕ್ಕೆ ಗಾಜಿನ ಚೂರು ಸೇರಿಸಿದ ಸಿಮೆಂಟು. ಬೋನು ಇಡ್ರಿ. ಇಲಿ ಇದ್ದಲ್ಲಿ ಹಾವು ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ತಿಗಣೆಗೆ, ಜಿರಳೆಗೆ, ಹೊಸ್ತಿಲಿನ ಗೆದ್ದಲಿಗೆ ಹೊಲದ ಎಣ್ಣಿ ಹೊಡೆಯುವವರನ್ನೂ ನೋಡಿದ್ದೇನೆ. ಹತ್ತಿಗೆ ತಂದ ಎಣ್ಣಿ ಹಾಸಿಗೆಗೆ! ಬಿಸಿಲು, ಕುದಿಯುವ ನೀರು, ಮಂಚದ ಸಂದಿ ತಿಕ್ಕುವುದು ಇಷ್ಟರಲ್ಲಿ ತಿಗಣೆ ಹೋಗುತ್ತದೆ, ವಾರಕ್ಕೊಮ್ಮೆ ಹಟ ಹಿಡಿದು ಮಾಡಬೇಕು ಅಷ್ಟೇ. ಇನ್ನು ಎಣ್ಣಿಯ ಖಾಲಿ ಡಬ್ಬಿ. 2013ರ ಜುಲೈಯಲ್ಲಿ ಬಿಹಾರದ ಒಂದು ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡರು. ಅಡುಗೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್, ನಮ್ಮ ಹೊಲಗಳಿಗೂ ಹೊಡೆದ ಎಣ್ಣಿ. ಬಣ್ಣ ಹಚ್ಚಿದ ಬಿತ್ತನೆ ಬೀಜ ಉಳಿದಿದ್ದರೆ ಅದಕ್ಕೂ ಅಡುಗೆಮನೆ ಮೂಲೆ ಜಾಗವಲ್ಲ. ಬೀಜೋತ್ಪಾದನೆಗೆ ಹೆಸರಾದ ರಾಣೇಬೆನ್ನೂರು ಸುತ್ತ ಇದನ್ನು ಒತ್ತಿ ಹೇಳಬೇಕು.

ಕೊನೆಗೆ ಒಂದು ಬೇಡಿಕೆ. ರೈತ ಮನೆಯಲ್ಲಿ ಕಾಳು ಒಟ್ಟುವುದು ಆಸೆಗೆ ಅಲ್ಲ. 2025ರ ಮುಂಗಾರಿಗೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಅಂತ ಘೋಷಣೆ ಆಯಿತು, ಮಾರುಕಟ್ಟೆಯಲ್ಲಿ ಅದು ಸಿಗಲಿಲ್ಲ ಅಂತ ರೈತರು ಬೀದಿಗಿಳಿದರು. ಆ ವ್ಯತ್ಯಾಸ ಇರುವ ತನಕ ನಮ್ಮ ಪಡಸಾಲೆಗಳೇ ಗೋಡೌನು, ನಮ್ಮ ಮಕ್ಕಳು ಮಲಗುವುದು ಚೀಲದ ಪಕ್ಕದಲ್ಲೇ. ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದಲ್ಲಿ ತಾಡಪಾಲು ಕೊಡುತ್ತಾರಲ್ಲ, ಅದರ ಜೊತೆ ಗಾಳಿಯಾಡದ ಹತ್ತು ಚೀಲಾನೂ ಕೊಡಲಿ. ಗುಳಿಗೆಯ ಬಿಡಿ ಮಾರಾಟ ನಿಲ್ಲಿಸಲಿ. ಸಹಕಾರಿ ಸಂಘದ ಗೋಡೌನಿನಲ್ಲಿ ಸಣ್ಣ ರೈತನ ಇಪ್ಪತ್ತು ಚೀಲಕ್ಕೂ ಜಾಗ ಇರಲಿ.

ಈಗಾಗಲೇ ಮನೆಯೊಳಗೆ ಗುಳಿಗೆ ಹಾಕಿ ಮುಚ್ಚಿದವರು ಇದ್ದರೆ ತಾಡಪಾಲು ಬಿಚ್ಚಲು, ಗುಳಿಗೆ ಹುಡುಕಲು ಹೋಗಬೇಡ್ರಿ, ನೀರಂತೂ ಹಾಕಲೇಬೇಡ್ರಿ. ಮನೆಯವರನ್ನೆಲ್ಲ, ದನಕರುಗಳನ್ನೂ ಹೊರಗೆ ತಂದು, ಹೊರಗಿನಿಂದ ತೆಗೆಯಲು ಬರುವ ಬಾಗಿಲು ಕಿಟಕಿ ತೆಗೆದು, ಪಕ್ಕದ ಮನೆಯವರಿಗೂ ಹೇಳಿ ದೂರ ಇರ್ರಿ. ತಲೆನೋವು, ವಾಂತಿ, ಎದೆ ಬಿಗಿತ ಯಾರಿಗೆ ಬಂದರೂ ಕಾಯದೆ 108ಕ್ಕೆ ಫೋನ್ ಮಾಡ್ರಿ. ಡಾಕ್ಟರು ಕೇಳುವ ಮೊದಲೇ "ಕಾಳಿಗೆ ಗುಳಿಗಿ ಹಾಕೇವ್ರಿ" ಅಂತ ಹೇಳ್ರಿ.