ಕ್ಷ-ಕಿರಣ ವೈದ್ಯರು ಎಲ್ಲಿಂದ ಬರಬೇಕು?

ಹಾವೇರಿಯ ಸರಕಾರಿ ವೈದ್ಯಕೀಯ ಕಾಲೇಜು ೨೦೨೨ರಲ್ಲಿ ತನ್ನ ಮೊದಲನೆಯ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಜಿಲ್ಲೆಯ ಜನರಿಗೆ ಇದು ಆನಂದದ ಸಂಗತಿಯೇ ಸರಿ. ಆದರೆ ಯಂತ್ರಗಳು ಬಂದಷ್ಟು ಸುಲಭವಾಗಿ ಅವುಗಳ ಚಿತ್ರವನ್ನು ಓದಿ ರೋಗವನ್ನು ನಿರ್ಣಯಿಸುವ ವೈದ್ಯರು ಬರುವುದಿಲ್ಲ. ಎಕ್ಸ್-ರೇ, ಸಿ.ಟಿ. ಚಿತ್ರಗಳನ್ನು ದೂರದ ಊರಿಗೆ ಕಳಿಸಿ ಓದಿಸಿಕೊಳ್ಳಬಹುದು. ಗರ್ಭಿಣಿಯ ಸ್ಕ್ಯಾನಿಂಗಿಗೆ ಮಾತ್ರ ೧೯೯೪ರ ಕಾಯಿದೆಯ ಪ್ರಕಾರ ಅರ್ಹತೆಯುಳ್ಳ ವೈದ್ಯರೇ ಬೇಕು. ಅಂಥವರು ಹತ್ತಿರದಲ್ಲಿ ಇಲ್ಲದಿದ್ದರೆ ಹೊಸರಿತ್ತಿಯ ಬಡ ಹೆಣ್ಣುಮಗಳು ಕೂಲಿ ಬಿಟ್ಟು, ಬಸ್ಸು ಹತ್ತಿ, ಹುಬ್ಬಳ್ಳಿಯವರೆಗೆ ಹೋಗಬೇಕಾದೀತು.

ಈ ವಿದ್ಯೆಯ ಹಾದಿ ದೀರ್ಘವಾದುದು. ಎಂ.ಬಿ.ಬಿ.ಎಸ್. ಅಭ್ಯಾಸಕ್ಕೆ ೪½ ವರ್ಷ, ದವಾಖಾನೆಯ ತರಬೇತಿಗೆ ೧ ವರ್ಷ, ಮತ್ತೊಂದು ಪ್ರವೇಶ ಪರೀಕ್ಷೆಯ ತರುವಾಯ ಎಂ.ಡಿ. ಪದವಿಗೆ ೩ ವರ್ಷ. ಆ ಎರಡನೆಯ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರು ಮೊದಲು ಆರಿಸಿಕೊಳ್ಳುವ ವಿಷಯಗಳಲ್ಲಿ ಇದೂ ಒಂದು. ಸಂಪಾದನೆ ಚೆನ್ನಾಗಿದೆ, ಕೆಲಸಕ್ಕೆ ಕೊರತೆಯಿಲ್ಲ. ಖಾಸಗಿ ಕಾಲೇಜುಗಳ ಶುಲ್ಕವಾದರೋ, ಒಕ್ಕಲಿಗನು ಹೊಲ ಮಾರಿದರೂ ತೀರುವಂಥದಲ್ಲ.

ಹಾಗೆಂದು ನಮ್ಮ ತರುಣ ತರುಣಿಯರು ಎದೆಗುಂದಬೇಕಾಗಿಲ್ಲ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಸರಕಾರಿ ಪಾಲಿನ ಸ್ಥಾನಗಳಲ್ಲಿ, ೧ರಿಂದ ೧೦ನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಪ್ರತ್ಯೇಕ ಮೀಸಲಾತಿ ಉಂಟು. ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲದಂಥ ಸಂಸ್ಥೆಗಳ ಶಿಕ್ಷಕರು ಈ ಮಾತನ್ನು ಪ್ರತಿಯೊಬ್ಬ ಪಾಲಕನಿಗೂ ತಿಳಿಸತಕ್ಕದ್ದು. ವೈದ್ಯರಾಗುವುದು ಸಾಧ್ಯವಾಗದವರಿಗೆ ಯಂತ್ರ ನಡೆಸುವ ತಂತ್ರಜ್ಞರ ಡಿಪ್ಲೊಮಾ ಹಾಗೂ ಬಿ.ಎಸ್‌ಸಿ. ಶಿಕ್ಷಣಗಳಿವೆ. ಆದರೆ ತಂತ್ರಜ್ಞನು ಚಿತ್ರ ತೆಗೆಯುವನೇ ಹೊರತು ರೋಗವನ್ನು ನಿರ್ಣಯಿಸುವ ಅಧಿಕಾರ ಅವನಿಗಿಲ್ಲ. ಈ ಭೇದವನ್ನು ಮೊದಲೇ ಅರಿತು ಸೇರುವುದು ಲೇಸು.

ಇನ್ನು ಸರಕಾರದ ಕರ್ತವ್ಯ. ಹಾವೇರಿಯ ಕಾಲೇಜಿನಲ್ಲಿ ಈ ವಿಷಯದ ಸ್ನಾತಕೋತ್ತರ ಸ್ಥಾನಗಳು ಸಾಕಷ್ಟು ಇರಬೇಕು. ಸರಕಾರದ ವೆಚ್ಚದಲ್ಲಿ ಕಲಿತವರು ರಾಣೆಬೆನ್ನೂರು, ಬ್ಯಾಡಗಿಗಳಂಥ ತಾಲೂಕು ದವಾಖಾನೆಗಳಲ್ಲಿ ಕೆಲವು ವರ್ಷ ಸೇವೆ ಸಲ್ಲಿಸುವಂತೆ ಕರಾರು ಇರಬೇಕು. ಅವರಿಗೆ ತಕ್ಕ ಸಂಬಳವೂ ವಸತಿಯೂ ದೊರೆಯಬೇಕು. ಸಂಬಳ ಕೊಡದೆ ಕರಾರನ್ನಷ್ಟೇ ಹೇರಿದರೆ ವೈದ್ಯರು ದಂಡ ತೆತ್ತು ಪಟ್ಟಣ ಸೇರುವರು. ಹಳ್ಳಿಯ ಮಕ್ಕಳನ್ನೇ ಈ ವಿದ್ಯೆಗೆ ಅಣಿಗೊಳಿಸಿದರೆ ಅವರಲ್ಲಿ ಕೆಲವರಾದರೂ ತಮ್ಮ ಜನರ ಬಳಿಗೆ ಮರಳಿ ಬಂದಾರು. ಜಿಲ್ಲೆಯ ಶಾಸಕರು ಈ ಬೇಡಿಕೆಯನ್ನು ಮುಂದಿನ ಅಧಿವೇಶನದಲ್ಲಿಯೇ ಎತ್ತಲಿ.