ಪಿಕಪ್ ನಡುಗಿದರೆ ಬಳೆ ಬಿಚ್ಚಬೇಕಾಗಿಲ್ಲ

ಕುಂದಾಪುರ ಕಡೆಯ ಸಹೋದರಿಯೊಬ್ಬರ ಪತ್ರ ಬಂದಿದೆ. ಅವರ ಪತಿ ಪಿಕಪ್‌ನಲ್ಲಿ ತರಕಾರಿ ಸಾಗಿಸುತ್ತಾರೆ. ಮನೆ ನಡೆಯುವುದು ಅದರಿಂದಲೇ. ಕೆಲವು ತಿಂಗಳಿಂದ ಹೆದ್ದಾರಿಯಲ್ಲಿ ವೇಗ 70 ದಾಟಿತೆಂದರೆ ಸ್ಟೇರಿಂಗ್ ಗಡಗಡ ನಡುಗುತ್ತದಂತೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ್ದಾಯಿತು, ಗುಣ ಕಾಣಲಿಲ್ಲ. ಈಗ ಗ್ಯಾರೇಜಿನವರು ಸ್ಟೇರಿಂಗ್ ಬಾಕ್ಸನ್ನೇ ಬದಲಿಸಬೇಕು ಎಂದಿದ್ದಾರೆ. "ನನ್ನ ಎರಡು ಬಳೆ ಅಡವಿಡುವ ಮಾತು ನಡೆದಿದೆ. ಕೊಡಲು ಬೇಸರವಿಲ್ಲ. ಆದರೆ ಅದರಿಂದ ನಡುಕ ನಿಲ್ಲುತ್ತದೆಯೇ?" ಎಂದು ಕೇಳಿದ್ದಾರೆ.

ಗಾಡಿಯ ವಿಷಯ ಹೆಂಗಸರಿಗೇಕೆ ಎನ್ನುವವರು, ಅಡವಿಗೆ ಹೋಗುವ ಬಳೆ ಯಾರ ಕೈಯದು ಎಂದು ಒಮ್ಮೆ ಯೋಚಿಸಲಿ. ಈ ಪ್ರಶ್ನೆಯನ್ನು ಗ್ಯಾರೇಜಿನಲ್ಲೇ ಯಾರಾದರೂ ಮೊದಲು ಕೇಳಬೇಕಿತ್ತು.

ಒಂದು ಮಾತು ಗಮನಿಸಿ. ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66 ಎರಡೇ ಪಥದ್ದಾಗಿದ್ದ ಕಾಲದಲ್ಲಿ, 17 ಎಂದು ಅದನ್ನು ಕರೆಯುತ್ತಿದ್ದಾಗ, ತರಕಾರಿ ತುಂಬಿದ ಗಾಡಿಗೆ 50-60ರ ವೇಗ ಸಿಗುವುದೇ ಕಷ್ಟವಿತ್ತು. ನಾಲ್ಕು ಪಥವಾದ ಮೇಲೆ ಅದೇ ಗಾಡಿ 80ಕ್ಕೆ ಏರುತ್ತದೆ. ನಡುಕದ ಕಾಯಿಲೆ ಹಲವು ಗಾಡಿಗಳಲ್ಲಿ ಮೊದಲಿನಿಂದಲೂ ಇರುತ್ತದೆ. ವೇಗ ಅದನ್ನು ಹೊರಗೆ ಹಾಕುತ್ತದೆ, ಅಷ್ಟೆ.

ಇದು ಹೇಗೆಂದು ತಿಳಿಯಲು ಬಟ್ಟೆ ಒಗೆಯುವ ಮಷಿನ್ ನೋಡಿದರೆ ಸಾಕು. ಒಗೆಯುವಾಗ ಮಷಿನ್ ಸುಮ್ಮನಿರುತ್ತದೆ. ಹಿಂಡಲು ತೊಡಗಿದಾಗ ಒದ್ದೆ ಚಾದರ ಒಂದೇ ಬದಿಗೆ ಮುದ್ದೆಯಾಗಿದ್ದರೆ, ಇಡೀ ಮಷಿನ್ ಕುಣಿಯುತ್ತಾ ಗೋಡೆಯ ಕಡೆಗೆ ನಡೆದು ಹೋಗುತ್ತದೆ. ಚಕ್ರವೂ ಹಾಗೆಯೇ. 80ರ ವೇಗದಲ್ಲಿ ಪಿಕಪ್‌ನ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ. ಟಯರಿನ ಅಂಚಿನಲ್ಲಿ ಒಂದು ಕಡೆ 20 ಗ್ರಾಂ ಹೆಚ್ಚಿದ್ದರೆ, ಆ ವೇಗದಲ್ಲಿ ಅದು ಸುಮಾರು 3 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. 40ರ ವೇಗದಲ್ಲಿ ಅದು ಮುಕ್ಕಾಲು ಕಿಲೋ ಮಾತ್ರ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಜೊತೆಗೆ, ತೊಟ್ಟಿಲನ್ನು ಅದರ ತಾಳಕ್ಕೆ ಸರಿಯಾಗಿ ತೂಗಿದರೆ ಹೆಚ್ಚು ತೂಗುವಂತೆ, ಗಾಡಿಯ ಅಚ್ಚು-ಸ್ಪ್ರಿಂಗಿಗೂ ಒಂದು ತಾಳವಿದೆ. 70ರಿಂದ 90ರ ಒಳಗೆ ಚಕ್ರದ ಸುತ್ತು ಅದಕ್ಕೆ ಹೊಂದಿಕೊಂಡಾಗ ನಡುಕ ಅತಿಯಾಗುತ್ತದೆ, ದಾಟಿದ ಮೇಲೆ ಕೆಲವೊಮ್ಮೆ ಕಡಿಮೆಯೂ ಆಗುತ್ತದೆ. "ಇನ್ನೂ ಸ್ವಲ್ಪ ಒತ್ತಿದರೆ ಸರಿಹೋಗುತ್ತದೆ" ಎಂದು ಚಾಲಕರು ಹೇಳುವುದು ಇದನ್ನೇ. ಅದು ಔಷಧವಲ್ಲ. ಸರಕಿನ ಗಾಡಿಗಳಿಗೆ ನಾಲ್ಕು ಪಥದ ರಸ್ತೆಯಲ್ಲೂ 80ನ್ನೇ ಮಿತಿಯಾಗಿ 2018ರಲ್ಲಿ ಕೇಂದ್ರ ಸರಕಾರ ಗೊತ್ತುಪಡಿಸಿದೆ.

ಹಾಗಾದರೆ ಅಲೈನ್‌ಮೆಂಟ್ ಮಾಡಿಸಿದರೂ ಯಾಕೆ ನಿಲ್ಲಲಿಲ್ಲ? ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ. ಚಕ್ರಗಳು ನೇರವಾಗಿ ನಿಂತಿವೆಯೇ ಎಂದು ನೋಡುವುದು ಅಲೈನ್‌ಮೆಂಟ್. ಅದು ತಪ್ಪಿದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ, ಟಯರಿನ ಒಂದು ಅಂಚು ಬೇಗ ಸವೆಯುತ್ತದೆ. ಚಕ್ರದ ಸುತ್ತಲೂ ತೂಕ ಸಮವಾಗಿದೆಯೇ ಎಂದು ತಿರುಗಿಸಿ ನೋಡಿ, ರಿಮ್ಮಿಗೆ ಚಿಕ್ಕ ಸೀಸದ ತುಂಡೋ ಅಂಟಿಸುವ ತೂಕವೋ ಹಚ್ಚುವುದು ಬ್ಯಾಲೆನ್ಸಿಂಗ್. ನಡುಕಕ್ಕೆ ಮದ್ದು ಇದು. ಖರ್ಚು ಕೆಲವು ನೂರು ರೂಪಾಯಿ. ನಿಮ್ಮ ಪತ್ರದಲ್ಲಿ ಬ್ಯಾಲೆನ್ಸಿಂಗ್ ಎಂಬ ಪದ ಎಲ್ಲಿಯೂ ಇಲ್ಲ, ತಂಗಿ. ಸ್ಟೇರಿಂಗ್ ಬಾಕ್ಸ್ ಸವೆದಿದ್ದರೆ ಸ್ಟೇರಿಂಗ್ ಸಡಿಲವಾಗುತ್ತದೆ, ನಡುಕ ಕೈಗೆ ಹೆಚ್ಚು ತಟ್ಟುತ್ತದೆ. ಆದರೆ ಇಂಥ ವೇಗದಲ್ಲೇ ಶುರುವಾಗುವ ನಡುಕವನ್ನು ಹುಟ್ಟಿಸುವುದು ಸಾಮಾನ್ಯವಾಗಿ ಅದಲ್ಲ.

ಬ್ಯಾಲೆನ್ಸಿಂಗಿಗೂ ಮೊದಲು ದುಡ್ಡಿಲ್ಲದ ಒಂದು ಕೆಲಸವಿದೆ. ಚಕ್ರಗಳನ್ನು ಒಳಬದಿಯಿಂದ ನೀರು ಹಾಕಿ ತೊಳೆಯಿರಿ. ಮಳೆಗಾಲದಲ್ಲಿ ಕೆಂಪುಕಲ್ಲಿನ ಕೋರೆಯ ರಸ್ತೆಗೋ ತೋಟದ ದಾರಿಗೋ ಹೋದ ಗಾಡಿಯ ರಿಮ್ಮಿನೊಳಗೆ ಮಣ್ಣು ಮೆತ್ತಿ, ಒಣಗಿ ಗಟ್ಟಿಯಾಗಿರುತ್ತದೆ. ಹೊರಗಿನಿಂದ ಗಾಡಿ ಫಳಫಳ, ಒಳಗೆ ಮುಷ್ಟಿ ಮಣ್ಣು!

ಇನ್ನು ನಿಮ್ಮವರು ರಾತ್ರಿ ಊಟಕ್ಕೆ ಕುಳಿತಾಗ ಕೇಳಬೇಕಾದ ಮಾತುಗಳು. ನಡುಕ ಸ್ಟೇರಿಂಗಿನಲ್ಲೋ ಸೀಟಿನಲ್ಲೋ? ಸ್ಟೇರಿಂಗಿನಲ್ಲಾದರೆ ಮುಂದಿನ ಚಕ್ರಗಳನ್ನೂ, ಸೀಟಿನಲ್ಲೋ ಹಿಂದಿನ ಡಬ್ಬದಲ್ಲೋ ಆದರೆ ಹಿಂದಿನದನ್ನೂ ಮೊದಲು ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರವೋ? ಆಗ ಸಂಶಯ ಬ್ರೇಕ್ ಡಿಸ್ಕ್ ಅಥವಾ ಡ್ರಮ್ಮಿನ ಮೇಲೆ. ಖಾಲಿಯಾದ ನೇರ ರಸ್ತೆಯಲ್ಲಿ ಕ್ಲಚ್ ಒತ್ತಿದರೂ ನಡುಗುತ್ತದೆಯೇ? ನಡುಗಿದರೆ ತಪ್ಪು ಎಂಜಿನ್ನಿನದಲ್ಲ. ಇದನ್ನು ನೋಡಲು ಕೀಲಿ ಮಾತ್ರ ಆಫ್ ಮಾಡಬಾರದು, ಬ್ರೇಕಿನ ಬಲ ಹೋಗುತ್ತದೆ.

ಬ್ಯಾಲೆನ್ಸಿಂಗ್ ಆದ ಮೇಲೂ ನಿಲ್ಲದಿದ್ದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಓಡಿಸಿ. ನಡುಕ ಕೈಯಿಂದ ಸೀಟಿಗೆ ಇಳಿಯಿತೋ, ಕಳ್ಳ ಟಯರೋ ರಿಮ್ಮೋ ಎಂಬುದು ಖಚಿತ. ಹೊಂಡಕ್ಕೆ ಬಿದ್ದು ಬಾಗಿದ ರಿಮ್ಮಿಗೆ ಎಷ್ಟು ತೂಕ ಹಚ್ಚಿದರೂ ಪ್ರಯೋಜನವಿಲ್ಲ. ಜಾಕ್ ಕೊಟ್ಟು ಎತ್ತಿ ಕೈಯಿಂದ ತಿರುಗಿಸಿದರೆ ಓಲಾಡುವುದು ಕಣ್ಣಿಗೇ ಕಾಣುತ್ತದೆ. ಹಾಗೆಯೇ ಚಕ್ರವನ್ನು ಮೇಲೆ-ಕೆಳಗೆ, ಅಕ್ಕ-ಪಕ್ಕ ಹಿಡಿದು ಅಲ್ಲಾಡಿಸಿದರೆ ಬೇರಿಂಗ್, ಬಾಲ್ ಜಾಯಿಂಟ್‌ಗಳ ಸಡಿಲವೂ ಗೊತ್ತಾಗುತ್ತದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 3521 ಎಂದಿದ್ದರೆ 2021ರ 35ನೇ ವಾರ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಟಯರ್ ಕೊಳ್ಳುವವರು ಇದನ್ನು ಓದಲೇಬೇಕು.

ಹಿಂದಿನ ಭಾಗದ ನಡುಕದಲ್ಲಿ ನಮ್ಮವರೇ ಕೊಂಡು ತರುವ ಒಂದು ಕಾರಣವಿದೆ. ಹೆಚ್ಚು ಭಾರ ಹೇರಲೆಂದು ಸ್ಪ್ರಿಂಗಿಗೆ ಒಂದೆರಡು ಪ್ಲೇಟ್ ಹೆಚ್ಚಿಗೆ ಹಾಕಿಸುತ್ತಾರೆ. ಗಾಡಿಯ ಹಿಂಭಾಗ ಮೇಲೇರುತ್ತದೆ. ಗೇರ್ ಬಾಕ್ಸಿನಿಂದ ಹಿಂದಿನ ಅಚ್ಚಿಗೆ ಹೋಗುವ ಉದ್ದನೆಯ ಶಾಫ್ಟಿನ ಕೋನ ಬದಲಾಗುತ್ತದೆ. ಆ ಶಾಫ್ಟು ತಿರುಗುವುದು ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ. ಆದ್ದರಿಂದ ಅದರ ನಡುಕ ಗಡಗಡ ಅನ್ನುವುದಿಲ್ಲ, ದುಂಬಿಯಂತೆ ಗುಂಯ್‌ಗುಡುತ್ತದೆ. ಲೋಡ್ ಇದ್ದಾಗ ಸುಮ್ಮನಿದ್ದು, ಖಾಲಿ ಬರುವಾಗ ನಡುಗುವ ಗಾಡಿಯಲ್ಲಿ ಇದನ್ನು ಸಂಶಯಿಸಿ. ಹೊರಡುವಾಗ ಅಡಿಯಿಂದ ಟಕ್ ಎಂದು ಕೇಳಿಸಿದರೆ ಶಾಫ್ಟಿನ ಜಾಯಿಂಟ್ ಸವೆದಿರಬಹುದು, ಗ್ರೀಸ್ ಕಂಡು ಎಷ್ಟು ಕಾಲವಾಯಿತೋ!

ಇವೆಲ್ಲ ಒಂದೆರಡು ದಿನ ಕಾಯಬಹುದು. ಕಾಯಬಾರದ್ದು ಎರಡಿವೆ. ಟಯರಿನ ಬದಿಯಲ್ಲೋ ಮೇಲೋ ಗುಳ್ಳೆ ಎದ್ದಿದ್ದರೆ, ರಿಟ್ರೆಡ್ ಮಾಡಿಸಿದ ಟಯರಿನ ರಬ್ಬರು ಬಿಡುತ್ತಿದ್ದರೆ, ಅದೇ ದಿನ ಅದನ್ನು ಕಳಚಿ. ಭಾರ ಹೊತ್ತು ಓಡುವಾಗ ಅದು ಒಡೆದರೆ ಗಾಡಿ ಕೈಗೆ ಸಿಗುವುದಿಲ್ಲ. ಮತ್ತೊಂದು, ಕಡಿಮೆ ವೇಗದಲ್ಲೂ ನಡುಗುತ್ತಾ ದಿನದಿಂದ ದಿನಕ್ಕೆ ಹೆಚ್ಚುವ ನಡುಕ. ಚಕ್ರದ ನಟ್ಟು ಸಡಿಲವಾದಾಗ ಹೀಗಾಗುತ್ತದೆ. ರಸ್ತೆ ಬದಿಗೆ ನಿಲ್ಲಿಸಿ ಅಲ್ಲೇ ನೋಡಬೇಕು. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು. ಚಕ್ರ ಕಳಚಿ ಹಾಕಿದ ಮೇಲೆ, ಬ್ಯಾಲೆನ್ಸಿಂಗ್ ಮಾಡಿಸಿದ ಮೇಲೂ ಅಷ್ಟೇ, 50ರಿಂದ 100 ಕಿಲೋಮೀಟರ್ ಓಡಿದ ಬಳಿಕ ಇನ್ನೊಮ್ಮೆ ಬಿಗಿಸಲು ಹೇಳಿ.